ಸರ್ಕಾರದ ಗುಟ್ಟು, ಊರಿನ ಉತಾರ

ದೇಶಪ್ರೇಮದ ಸಿನೆಮಾ ಅಂದ ಕೂಡಲೆ ನಮ್ಮ ಕಡೆ ಬಂದೂಕು, ಗಡಿ, ಬಾವುಟ ಇವಿಷ್ಟೇ ಕಣ್ಣಮುಂದೆ ಬರುತ್ತವೆ. ಬಂದೂಕು ಹಿಡಿದವನು ದೇಶಭಕ್ತ, ಅವನನ್ನು ಪ್ರಶ್ನೆ ಕೇಳಿದವನು ದ್ರೋಹಿ. ಆಳುವವರಿಗೆ ಇದಕ್ಕಿಂತ ಅಗ್ಗದ ಲೆಕ್ಕ ಮತ್ತೊಂದಿಲ್ಲ. ಈ ಲೆಕ್ಕವನ್ನು ತಲೆಕೆಳಗು ಮಾಡುವ ಸಿನೆಮಾವೊಂದು 2019ರಲ್ಲಿ ಬ್ರಿಟನ್ನಿನಿಂದ ಬಂತು. ಹೆಸರು ‘ಆಫಿಷಿಯಲ್ ಸೀಕ್ರೆಟ್ಸ್’, ಅಂದರೆ ಸರ್ಕಾರಿ ಗುಟ್ಟುಗಳು. ನಿರ್ದೇಶಕ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಗೇವಿನ್ ಹುಡ್. ಇದು ಬೇಹುಗಾರಿಕೆಯ ಚಿತ್ರ. ಆದರೂ ಕತೆಯ ನಾಯಕಿಯ ಕೈಯಲ್ಲಿ ಇರುವುದು ಒಂದೇ ಒಂದು ಹಾಳೆ.

ಇಂಗ್ಲಿಷ್ ಸಿನೆಮಾದ ಗೊಡವೆ ಜಮಖಂಡಿ-ಮುಧೋಳದ ಮಂದಿಗೆ ಯಾಕೆ? ಬೀಳಗಿಯ ಮುಳುಗಡೆ ಊರಿನವರಿಗೆ, ರಬಕವಿ-ಬನಹಟ್ಟಿಯ ನೇಕಾರರಿಗೆ ಲಂಡನ್ನಿನ ಕೋರ್ಟಿನಿಂದ ಏನಾಗಬೇಕಾಗಿದೆ? ಕೇಳಲೇಬೇಕಾದ ಪ್ರಶ್ನೆ. ನಮ್ಮ ಉತ್ತರ ಇಷ್ಟು: ಈ ಸಿನೆಮಾದಲ್ಲಿ ಒಬ್ಬ ಹೆಣ್ಣುಮಗಳನ್ನು ಕಟಕಟೆಗೆ ಹತ್ತಿಸುವ ಕಾನೂನು ಮತ್ತು ನಮ್ಮ ಸರ್ಕಾರಿ ಕಚೇರಿಗಳ ಕಪಾಟಿಗೆ ಹಾಕಿದ ಕೀಲಿ ಒಂದೇ ಕಮ್ಮಾರಸಾಲೆಯಲ್ಲಿ ತಯಾರಾದವು. ಹಾಗಾಗಿ ಇದು ನಮ್ಮ ಸಿನೆಮಾ ಕೂಡ ಹೌದು. ಎಷ್ಟರಮಟ್ಟಿಗೆ ನಮ್ಮದು, ಎಲ್ಲಿ ಬಂದು ನಮ್ಮ ಕೈ ಬಿಡುತ್ತದೆ ಎಂಬುದನ್ನು ಒರೆಗೆ ಹಚ್ಚಿ ನೋಡುವುದು ನಮ್ಮ ಉದ್ದೇಶ.

ಕತೆ ನಿಜವಾಗಿ ನಡೆದದ್ದು. ಕ್ಯಾಥರೀನ್ ಗನ್ ಎಂಬ ತರುಣಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿರುವ ಜಿ.ಸಿ.ಎಚ್.ಕ್ಯೂ. ಎಂಬ ಸರ್ಕಾರಿ ಬೇಹು ಕಚೇರಿಯಲ್ಲಿ ಚೀನೀ ಭಾಷೆಯ ಅನುವಾದಕಿ. ಪರದೇಶದವರ ಮಾತು ಕದ್ದು ಕೇಳುವುದು, ಇಂಗ್ಲಿಷಿಗೆ ತಿರುಗಿಸುವುದು ಆಕೆಯ ನೌಕರಿ. 2003ರ ಜನವರಿ 31ರಂದು ಅಮೆರಿಕದ ಎನ್.ಎಸ್.ಎ. ಬೇಹು ಸಂಸ್ಥೆಯಿಂದ ಒಂದು ಪತ್ರ ಬರುತ್ತದೆ. ಇರಾಕಿನ ಮೇಲೆ ದಂಡೆತ್ತಿ ಹೋಗಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಬೇಕಾಗಿತ್ತು, ಓಟು ಕಡಿಮೆ ಬೀಳುತ್ತಿದ್ದವು. ಅಂಗೋಲಾ, ಕೆಮರೂನ್, ಚಿಲಿ, ಬಲ್ಗೇರಿಯಾ, ಗಿನಿ, ಪಾಕಿಸ್ತಾನ ಈ ಆರು ದೇಶಗಳ ಪ್ರತಿನಿಧಿಗಳ ಫೋನು, ಪತ್ರ ಎಲ್ಲ ಕದ್ದು ಕೇಳಿರಿ, ಅವರನ್ನು ಒಲಿಸಲು ಅನುಕೂಲವಾಗುವ ಸಂಗತಿ ಹೆಕ್ಕಿ ಕೊಡಿರಿ ಎಂಬುದು ಪತ್ರದ ತಾತ್ಪರ್ಯ. ಊರ ಚುನಾವಣೆಯಲ್ಲಿ ಗೌಡರು ಮಾಡುವ ಕೆಲಸವನ್ನೇ ದೊಡ್ಡ ದೇಶಗಳು ದೊಡ್ಡ ಮಟ್ಟದಲ್ಲಿ ಮಾಡಹೊರಟಿದ್ದವು, ಅಷ್ಟೇ.

ಗನ್ ಆ ಪತ್ರದ ಒಂದು ಪ್ರತಿ ತೆಗೆದು ಹೊರಗೆ ಸಾಗಿಸಿದಳು. ಅದು ಕೈಯಿಂದ ಕೈಗೆ ಹೋಗಿ 2003ರ ಮಾರ್ಚ್ 2ರ ‘ಅಬ್ಸರ್ವರ್’ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಯಿತು. ಯುದ್ಧ ನಿಲ್ಲಲಿಲ್ಲ. ಮಾರ್ಚ್ 20ಕ್ಕೆ ಬಾಂಬು ಬಿದ್ದವು. ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ವಿಚಾರಣೆ ಮಾಡತೊಡಗಿದಾಗ ಉಳಿದವರಿಗೆ ತೊಂದರೆ ಬೇಡವೆಂದು ಆಕೆ ತಾನೇ ಮುಂದೆ ಬಂದು ಒಪ್ಪಿಕೊಂಡಳು. ನವೆಂಬರ್ 13ಕ್ಕೆ ಸರ್ಕಾರಿ ರಹಸ್ಯ ಕಾಯ್ದೆಯಡಿ ಆರೋಪ ಹೊರಿಸಿದರು. 2004ರ ಫೆಬ್ರವರಿ 25ರಂದು ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಆಕೆ ನಿಂತಾಗ ಸರ್ಕಾರದ ವಕೀಲರು ಎದ್ದು, ನಾವು ಸಾಕ್ಷ್ಯ ಹಾಜರುಪಡಿಸುವುದಿಲ್ಲ ಎಂದುಬಿಟ್ಟರು. ಕೇಸು ಅಲ್ಲೇ ಮುಗಿಯಿತು.

ಯಾಕೆ ಮುಗಿಯಿತು ಎಂಬುದೇ ಈ ಸಿನೆಮಾದ ಜೀವ. ಅದಕ್ಕೆ ಆಮೇಲೆ ಬರುತ್ತೇವೆ. ಮೊದಲು ಚಿತ್ರದ ಗುಣ ಹೇಳಬೇಕು. ಕೀರಾ ನೈಟ್ಲಿ ಎಂಬ ಪ್ರಸಿದ್ಧ ನಟಿ ಇಲ್ಲಿ ಪಾತ್ರ ಮಾಡಿದ್ದರೂ ವೀರರಾಣಿಯ ಠೀವಿ ಎಲ್ಲೂ ಇಲ್ಲ. ಹೆದರಿಕೆ ಇದೆ. ಹಾಳೆ ಕೈಯಲ್ಲಿ ಹಿಡಿದ ನೌಕರಿಯವಳ ಬೆವರು ಇದೆ. ತಿಂಗಳ ಪಗಾರದಿಂದ ಬದುಕುವ ಯಾರಿಗೂ ಆ ಹೆದರಿಕೆ ಅರ್ಥವಾಗುತ್ತದೆ. ಆಕೆಯ ಗಂಡ ತುರ್ಕಿಯಿಂದ ಬಂದ ಕುರ್ದ್ ಜನಾಂಗದವನು, ದೇಶದಲ್ಲಿ ಇರಲು ಗಟ್ಟಿ ಕಾಗದವಿಲ್ಲದವನು. ಸರ್ಕಾರ ಹೆಂಡತಿಯನ್ನು ಬಗ್ಗಿಸಲು ಅವನನ್ನು ಹಿಡಿದು ವಿಮಾನ ಹತ್ತಿಸಲು ನೋಡುತ್ತದೆ. ಅಧಿಕಾರ ಹೊಡೆಯುವುದು ಯಾವಾಗಲೂ ಮನೆಯ ಮೆತ್ತಗಿನ ಗೋಡೆಗೇ ಎಂಬುದನ್ನು ನಿರ್ದೇಶಕ ಬಲ್ಲವನು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡಿತು. ಪತ್ರಿಕೆಯ ಕಚೇರಿಯಲ್ಲಿ ಕಿರಿಯ ನೌಕರಳೊಬ್ಬಳು ಆ ಪತ್ರವನ್ನು ಅಚ್ಚಿಗೆ ಕೊಡುವಾಗ ಅಮೆರಿಕದವರ ಕಾಗುಣಿತವನ್ನು ರೂಢಿಯಂತೆ ಬ್ರಿಟಿಷ್ ಕಾಗುಣಿತಕ್ಕೆ ತಿದ್ದುತ್ತಾಳೆ. ಬರೀ ಒಂದೆರಡು ಅಕ್ಷರ. ಮರುದಿನ ಜಗತ್ತೆಲ್ಲ ಬೊಬ್ಬೆ: ಅಮೆರಿಕದವರು ಹೀಗೆ ಬರೆಯುವುದಿಲ್ಲ, ಪತ್ರ ಖೋಟಾ! ಇದೂ ನಿಜವಾಗಿ ನಡೆದದ್ದೇ. ಲಕ್ಷಾಂತರ ಜನರ ಪ್ರಾಣದ ಪ್ರಶ್ನೆ ಒಂದು ಅಕ್ಷರದ ಮೇಲೆ ಬಂದು ನಿಂತಿತು. ಇದನ್ನು ನೋಡಿ ಲಂಡನ್ನಿನ ಪ್ರೇಕ್ಷಕ ಅಯ್ಯೋ ಅಂದಿರಬಹುದು. ಉತಾರದಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿತೆಂದು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ಬೀಳಗಿ ಸೀಮೆಯ ರೈತನಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇ ಇಲ್ಲ.

ನಮ್ಮ ಕನ್ನಡದಲ್ಲಿ ಬೇಹುಗಾರಿಕೆಯ ಸಿನೆಮಾಕ್ಕೆ ಕೊರತೆಯಿಲ್ಲ. ದೊರೈ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ 1968ರಲ್ಲಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ತೆಗೆದರು. ಬ್ರಿಟಿಷರ ಜೇಮ್ಸ್ ಬಾಂಡ್ ಕನ್ನಡ ಕಲಿತದ್ದು ಹೀಗೆ. ಜನ ಸೀಟಿ ಹೊಡೆದು ನೋಡಿದ ಚಿತ್ರಗಳು ಅವು, ಆ ಸಂತೋಷವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಆ ಜಾತಿಯ ಸಿನೆಮಾಗಳಲ್ಲೆಲ್ಲ ಒಂದು ಒಪ್ಪಂದ ಇರುತ್ತದೆ: ಗುಟ್ಟು ಸರ್ಕಾರದ ಆಸ್ತಿ, ಕಳ್ಳ ಹೊರಗಿನವನು, ಸರ್ಕಾರ ತನ್ನ ಜನರಿಗೆ ಸುಳ್ಳು ಹೇಳುವುದೇ ಇಲ್ಲ. ‘ಆಫಿಷಿಯಲ್ ಸೀಕ್ರೆಟ್ಸ್’ ಈ ಒಪ್ಪಂದವನ್ನು ಹರಿದು ಹಾಕುತ್ತದೆ. ನಾನು ದುಡಿಯುವುದು ಜನರಿಗಾಗಿ, ಜನರಿಗೆ ಸುಳ್ಳು ಹೇಳುವ ಸರ್ಕಾರಕ್ಕಾಗಿ ಅಲ್ಲ ಎಂಬರ್ಥದ ಮಾತನ್ನು ಆಕೆ ತನಿಖಾಧಿಕಾರಿಗಳ ಎದುರೇ ಆಡುತ್ತಾಳೆ. ದೇಶ ಬೇರೆ, ಸರ್ಕಾರ ಬೇರೆ. ಇಷ್ಟು ಸರಳ ಮಾತು ಹೇಳಲು ಎಷ್ಟು ಎದೆಗಾರಿಕೆ ಬೇಕು ನೋಡಿರಿ.

ಈಗ ಆ ಕಾನೂನಿನ ವಿಚಾರ. ಬ್ರಿಟನ್ 1889ರಲ್ಲಿ ಮೊದಲ ಸರ್ಕಾರಿ ರಹಸ್ಯ ಕಾಯ್ದೆ ಮಾಡಿತು. ಅದೇ ವರ್ಷ ಹಿಂದುಸ್ಥಾನಕ್ಕೂ ಒಂದು ಮಾಡಿತು. 1904ರಲ್ಲಿ ಕರ್ಜನ್ ಅದನ್ನು ಬಿಗಿ ಮಾಡಿದ. 1911ರಲ್ಲಿ ಬ್ರಿಟನ್ನು ತನ್ನ ಕಾಯ್ದೆಯನ್ನು ಹೊಸದಾಗಿ ಬರೆದುಕೊಂಡಿತು, 1923ರಲ್ಲಿ ನಮಗೂ ಹೊಸದು ಬಂತು. ಆಮೇಲಿನ ಕತೆ ಕೇಳಿರಿ. 1985ರಲ್ಲಿ ಕ್ಲೈವ್ ಪಾಂಟಿಂಗ್ ಎಂಬ ಬ್ರಿಟಿಷ್ ಅಧಿಕಾರಿ ಇದೇ ಕಾಯ್ದೆಯಲ್ಲಿ ಸಿಕ್ಕ. ಫಾಕ್‌ಲೆಂಡ್ ಯುದ್ಧದಲ್ಲಿ ಅರ್ಜೆಂಟೈನಾದ ಹಡಗು ಮುಳುಗಿಸಿದ ಬಗ್ಗೆ ಸರ್ಕಾರ ಸುಳ್ಳು ಹೇಳಿದೆ ಎಂದು ಕಾಗದಗಳನ್ನು ಒಬ್ಬ ಸಂಸತ್ ಸದಸ್ಯನಿಗೆ ಕೊಟ್ಟಿದ್ದ. ಪಂಚರು ಅವನನ್ನು ಬಿಟ್ಟುಬಿಟ್ಟರು. ಸರ್ಕಾರ ಏನು ಮಾಡಿತು? 1989ರಲ್ಲಿ ಕಾಯ್ದೆಯನ್ನೇ ಬದಲಿಸಿ, ಜನರ ಹಿತಕ್ಕಾಗಿ ಹೇಳಿದೆ ಎಂಬ ವಾದಕ್ಕೆ ಎಡೆಯಿಲ್ಲದಂತೆ ಮಾಡಿತು. ಕ್ಯಾಥರೀನ್ ಗನ್ ಸಿಕ್ಕಿಬಿದ್ದದ್ದು ಈ ಬಲೆಗೆ.

ಅಲ್ಲಿ ಕಾಯ್ದೆ ಮೂರು ಸಲ ವೇಷ ಬದಲಿಸಿತು. ಇಲ್ಲಿ 1923ರ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಹೋಗಲಿಲ್ಲ. ಇವತ್ತೂ ಇದೆ. ಕರ್ನಾಟಕದವರೇ ಆದ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ಈ ಕಾಯ್ದೆಯನ್ನು ರದ್ದು ಮಾಡಬೇಕೆಂದು ಬರೆದುಕೊಟ್ಟಿತು. ಸರ್ಕಾರ ಒಪ್ಪಲಿಲ್ಲ. ಈ ಸಿನೆಮಾ ತೆರೆಗೆ ಬಂದ 2019ರಲ್ಲೇ, ಮಾರ್ಚ್ ತಿಂಗಳಲ್ಲಿ, ರಫೇಲ್ ವಿಮಾನ ಖರೀದಿಯ ಕಾಗದಗಳನ್ನು ಅಚ್ಚು ಮಾಡಿದ ಪತ್ರಿಕೆಯ ಮೇಲೆ ಇದೇ ಕಾಯ್ದೆ ಹೇರುವ ಮಾತನ್ನು ಸರ್ಕಾರದ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನಲ್ಲಿ ಎತ್ತಿದರು. ಏಪ್ರಿಲ್ 10ರಂದು ಕೋರ್ಟು ಆ ಕಾಗದಗಳನ್ನು ಪರಿಶೀಲಿಸಬಹುದು ಎಂದಿತು. ಬಿಳಿಯ ಸಾಹೇಬ ಹೋದ. ಅವನ ಕೀಲಿ ಕೈ ನಮ್ಮ ಸಾಹೇಬರ ಸೊಂಟದಲ್ಲಿ ಉಳಿಯಿತು.

ಇಷ್ಟು ಹೇಳಿದ ಮೇಲೆ ಈ ಚಿತ್ರದ ಮಿತಿಗೆ ಬರಬೇಕು. ಸಿನೆಮಾ ನೋಡಿದ ಬನಹಟ್ಟಿಯ ನೇಕಾರ ಗೆಳೆಯರೊಬ್ಬರು ಕೇಳಿದರು: “ಆಕೀಗೆ ಮೊದಲು ಸರ್ಕಾರದ ಮ್ಯಾಲೆ ನಂಬಿಕಿ ಇತ್ತು, ಅದಕ್ಕ ಮುರೀತು. ನಮಗ ಯಾವಾಗ ಇತ್ತರೀ, ಮುರಿಯಾಕ?”

ಈ ಒಂದು ಪ್ರಶ್ನೆಯಲ್ಲಿ ಈ ಬಗೆಯ ಎಲ್ಲ ಬ್ರಿಟಿಷ್ ಸಿನೆಮಾಗಳ ವಿಮರ್ಶೆ ಅಡಗಿದೆ. 1986ರ ‘ದಿ ವಿಸಲ್ ಬ್ಲೋವರ್’ ಚಿತ್ರವನ್ನೇ ತೆಗೆದುಕೊಳ್ಳಿರಿ. ಸೈಮನ್ ಲ್ಯಾಂಗ್ಟನ್ ನಿರ್ದೇಶನ, ಮೈಕಲ್ ಕೇನ್ ನಟನೆ. ಅದೂ ಚೆಲ್ಟನ್‌ಹ್ಯಾಮಿನ ಅದೇ ಬೇಹು ಕಚೇರಿಯ ಕತೆ, ಅಲ್ಲಿಯೂ ಭಾಷೆ ಬಲ್ಲ ನೌಕರ. ಮಗ ಸಾಯುತ್ತಾನೆ. ದೇಶವನ್ನು ನಂಬಿ ಬಾಳಿದ ತಂದೆ ಸಾವಿನ ಜಾಡು ಹಿಡಿದು ಹೋದಾಗ, ದೊಡ್ಡ ಮನೆತನದವರು ತಮ್ಮವನೊಬ್ಬನ ಮಾನ ಉಳಿಸಲು ತನ್ನ ಮಗನನ್ನು ಬಲಿ ಕೊಟ್ಟಿದ್ದಾರೆಂದು ತಿಳಿಯುತ್ತದೆ. ಎರಡೂ ಚಿತ್ರಗಳ ನೋವು ಒಂದೇ: ಇದು ನನ್ನ ಮನೆ ಅಂದುಕೊಂಡಿದ್ದೆ, ಮನೆಯವರೇ ಮೋಸ ಮಾಡಿದರು. ಆ ನೋವು ಸುಳ್ಳಲ್ಲ. ಆದರೆ ಅದು ಮನೆಯೊಳಗೆ ಕೂತವರ ನೋವು. ಹೊಸ್ತಿಲ ಹೊರಗೆ ನಿಲ್ಲಿಸಲ್ಪಟ್ಟವರು ಏನು ಅನ್ನಬೇಕು? ಇರಾಕಿನ ಜನ, ಯಾರ ಸಲುವಾಗಿ ಇಷ್ಟೆಲ್ಲ ನಡೆಯಿತೋ ಅವರು, ‘ಆಫಿಷಿಯಲ್ ಸೀಕ್ರೆಟ್ಸ್’ನಲ್ಲಿ ಟಿ.ವಿ.ಯ ಸುದ್ದಿಯಾಗಿ ಬರುತ್ತಾರೆಯೇ ಹೊರತು ಹೆಸರಿರುವ, ಮಾತಾಡುವ ಮನುಷ್ಯರಾಗಿ ಬರುವುದಿಲ್ಲ. ಬ್ರಿಟನ್ನಿನ ಒಳ್ಳೆಯ ಮನಸ್ಸು ತನ್ನ ಪಾಪವನ್ನು ತಾನೇ ತೂಗಿಕೊಳ್ಳುತ್ತದೆ. ತಕ್ಕಡಿಯಲ್ಲಿ ಸತ್ತವರಿಗೆ ಜಾಗವಿಲ್ಲ.

ಹೊಸ್ತಿಲ ಹೊರಗಿನವರ ಕತೆಗೆ ದೂರ ಹೋಗಬೇಕಾಗಿಲ್ಲ. ಮುಧೋಳ ತಾಲೂಕಿನ ಹಲಗಲಿಗೆ ಹೋದರೆ ಸಾಕು. 1857ರಲ್ಲಿ ಇದೇ ಬ್ರಿಟಿಷ್ ಸರ್ಕಾರ ಜನರ ಕೈಯಿಂದ ಹತಾರ ಕಸಿಯುವ ಕಾಯ್ದೆ ತಂತು. ಹಲಗಲಿಯ ಬೇಡರು ಕೊಡುವುದಿಲ್ಲ ಅಂದರು. ಅವರ ಎದುರು ಭಾರತದ ನಕಾಶೆ ಇರಲಿಲ್ಲ. ದೇಶಭಕ್ತಿ ಎಂಬ ಪದವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಹತಾರ ಅವರ ಅನ್ನ, ಅವರ ಮಾನ. ನವೆಂಬರ್ 29ಕ್ಕೆ ಸೈನ್ಯ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನ, 14ಕ್ಕೆ ಹಲಗಲಿಯಲ್ಲಿ 6 ಜನ, ಒಟ್ಟು 19 ಮಂದಿಯನ್ನು ಗಲ್ಲಿಗೆ ಹಾಕಿದರು. ಕ್ಯಾಥರೀನಳಿಗೆ ಸಿಕ್ಕಂಥ ವಕೀಲ ಅವರಿಗೆ ಸಿಗಲಿಲ್ಲ. ಅವರ ಪರ ಬರೆದ ಪತ್ರಿಕೆ ಇರಲಿಲ್ಲ. ಇದ್ದದ್ದು ಲಾವಣಿ ಒಂದೇ. ಸರ್ಕಾರದ ದಫ್ತರದಲ್ಲಿ ಬಂಡುಕೋರರೆಂದು ಬರೆಸಿಕೊಂಡವರನ್ನು ಜನ ಹಾಡಿನಲ್ಲಿ ಇಟ್ಟುಕೊಂಡರು. ಆ ಹಾಡನ್ನು ಕೂಡ ಕಾಗದಕ್ಕೆ ಇಳಿಸಿ ಅಚ್ಚು ಮಾಡಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ!

ಇವತ್ತು ಆ ಲಾವಣಿ ಹತ್ತನೆಯ ಇಯತ್ತೆಯ ಪಾಠವಾಗಿದೆ. ಹಲಗಲಿಯ ಬೇಡರು ಸ್ವಾತಂತ್ರ್ಯ ಯೋಧರೆಂದು ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಒಳ್ಳೆಯದು. ಆದರೆ ಮಾಸ್ತರರಿಗೆ ನಮ್ಮ ವಿನಂತಿ: ಆ ಪಾಠದ ಜೊತೆಗೆ ಒಂದು ಪ್ರಶ್ನೆ ಸೇರಿಸಿರಿ. ಸರ್ಕಾರದ ಆಜ್ಞೆ ಮೀರಿದ್ದಕ್ಕೆ ಅವರು ದೇಶಭಕ್ತರಾದರೆ, ಇವತ್ತು ಆಜ್ಞೆ ಮೀರಿದವರು ಯಾರಾಗುತ್ತಾರೆ? ಸತ್ತ ಬಂಡಾಯಗಾರನಿಗೆ ಮೂರ್ತಿ ನಿಲ್ಲಿಸಿ, ಬದುಕಿದವನಿಗೆ ಕೇಸು ಹಾಕುವುದು ವ್ಯವಸ್ಥೆಯ ಹಳೆಯ ಚಾಳಿ. ಕ್ಯಾಥರೀನ್ ಗನ್‌ಗೂ ಹಲಗಲಿಯವರಿಗೂ ಒಂದು ನಂಟು ಇದ್ದರೆ ಅದು ಇದೇ: ಇಬ್ಬರೂ ‘ಆಗುವುದಿಲ್ಲ’ ಅಂದರು. ದೇಶಪ್ರೇಮ ಎಂಬುದು ಏನಾದರೂ ಇದ್ದರೆ ಅದು ಆ ಒಂದು ಮಾತಿನಲ್ಲಿ ಇದೆ.

ದಲಿತರಿಗೂ ಸರ್ಕಾರದ ಗುಟ್ಟಿಗೂ ಇರುವ ಸಂಬಂಧ ಇನ್ನೂ ಹಳೆಯದು. ನಮ್ಮ ಸೀಮೆಯ ಹಳ್ಳಿಗಳಲ್ಲಿ ವಾಲಿಕಾರಿಕೆ ಎಂಬುದೊಂದು ಇತ್ತು. ಸರ್ಕಾರದ ಕಾಗದವನ್ನು ಊರಿಂದೂರಿಗೆ ಮುಟ್ಟಿಸುವುದು, ಸಾಹೇಬರು ಬಂದರೆ ಮುಂದೆ ಓಡುವುದು, ಹಗಲು ರಾತ್ರಿ ಎನ್ನದೆ ಕರೆದಲ್ಲಿಗೆ ಹೋಗುವುದು. ಈ ಚಾಕರಿ ಬಿದ್ದದ್ದು ಬಹುಮಟ್ಟಿಗೆ ಹೊಲಗೇರಿಯ ಕಾಲಿಗೆ. ತಲೆಮಾರುಗಟ್ಟಲೆ ನಮ್ಮ ಅಜ್ಜಂದಿರು ಸರ್ಕಾರದ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದರು. ಮುದ್ರೆ ಒಡೆದು ನೋಡಲಿಲ್ಲ. ನೋಡಿದರೂ ತಿಳಿಯುತ್ತಿರಲಿಲ್ಲ, ಯಾಕಂದ್ರ ಅಕ್ಷರವನ್ನೇ ಅವರಿಂದ ಬಚ್ಚಿಡಲಾಗಿತ್ತು. ಜಗತ್ತಿನ ಯಾವ ಸರ್ಕಾರಕ್ಕೂ ಇದಕ್ಕಿಂತ ಭದ್ರವಾದ ರಹಸ್ಯ ಕಾಯ್ದೆ ಬೇಕಾಗಿಲ್ಲ! ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ ವತನದ ಈ ಜೀತವನ್ನು ಸಡಿಲಿಸಲು ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. ನಮ್ಮ ಕಡೆ ಕಾಗದದ ಮೇಲೆ ಆ ವಂಶಪಾರಂಪರ್ಯ ಚಾಕರಿ ಹೋಗಲು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರಬೇಕಾಯಿತು. ಕ್ಯಾಥರೀನ್ ಗನ್ ಕಾಗದ ಓದಿದಳು, ಆದ್ದರಿಂದ ದ್ರೋಹಿಯಾದಳು. ನಮ್ಮವರಿಗೆ ದ್ರೋಹಿಯಾಗುವಷ್ಟು ಓದನ್ನು ಕೂಡ ಕೊಟ್ಟಿರಲಿಲ್ಲ.

ಅಕ್ಷರ ಬಂದ ಮೇಲೂ ಗುಟ್ಟು ಮುಗಿಯಲಿಲ್ಲ, ರೂಪ ಬದಲಿಸಿತು. ಈಗಿನ ಗುಟ್ಟು ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಗೆಜೆಟ್ಟಿನಲ್ಲಿ ಇರುತ್ತದೆ. ಇಲ್ಲವೇ ಗೆಜೆಟ್ಟು ಹೊರಡದೆ ಇರುವುದರಲ್ಲಿ ಇರುತ್ತದೆ.

ಬೀಳಗಿಯನ್ನು ನೋಡಿರಿ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. 2000ದ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿತು. ಕೃಷ್ಣೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು, ಬೀಳಗಿ ತಾಲೂಕಿನ ಹೊಲ-ಮನೆಗಳು ಹೋದವು. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಬಹುದೆಂದು ಹೇಳಿತು. ಅಂದರೆ ಇನ್ನಷ್ಟು ಊರು, 75,000 ಎಕರೆಗೂ ಹೆಚ್ಚು ನೆಲ. ರಾಜ್ಯ ರಾಜ್ಯಗಳ ಜಗಳ ಕೋರ್ಟಿಗೆ ಹೋಗಿ, ತೀರ್ಪಿನ ಗೆಜೆಟ್ ಅಧಿಸೂಚನೆ ಒಂದು ದಶಕ ಕಳೆದರೂ ಹೊರಡಲಿಲ್ಲ. ಈ ನಡುವಿನ ಕಾಲದಲ್ಲಿ ಹಳ್ಳಿಯವನು ಹೊಸ ಮನೆ ಕಟ್ಟಲೋ ಬೇಡವೋ? ಬಾವಿ ತೋಡಲೋ ಬೇಡವೋ? ಮಗಳನ್ನು ಆ ಊರಿಗೆ ಕೊಡುವವರು ಯಾರು? ಯಾವ ಬೇಹುಗಾರನೂ ಕದಿಯಬೇಕಾಗಿಲ್ಲದ, ಎಲ್ಲರಿಗೂ ಗೊತ್ತಿರುವ, ಆದರೂ ಯಾರೂ ಬಾಯಿಬಿಟ್ಟು ಹೇಳದ ಸರ್ಕಾರಿ ಗುಟ್ಟು ಇದು.

ಇಲ್ಲಿಯೂ ಹೊಸ್ತಿಲ ಲೆಕ್ಕ ಬಿಟ್ಟಿಲ್ಲ. ನೆಲದ ಪರಿಹಾರ ಉತಾರದಲ್ಲಿ ಹೆಸರಿದ್ದವನಿಗೆ. ಆ ಹೊಲದಲ್ಲಿ ಮೂರು ತಲೆಮಾರು ಕೂಲಿ ಮಾಡಿದ ಹೊಲೆಯ-ಮಾದಿಗರ ಹೆಸರು ಯಾವ ಕಾಲಮಿನಲ್ಲಿ ಬರುತ್ತದೆ? ನೀರು ಬಂದಾಗ ಅವರ ದುಡಿಮೆ ಮುಳುಗಿತು, ದುಡಿಮೆಗೆ ಉತಾರವಿಲ್ಲ.

ಮುಧೋಳದ ಕಬ್ಬಿನ ರೈತನನ್ನು ಕೇಳಿರಿ. ಅವನ ಕಬ್ಬಿನ ದರ ನಿಲ್ಲುವುದು ಸಕ್ಕರೆ ಇಳುವರಿ ಶೇಕಡಾ ಎಷ್ಟು ಎಂಬುದರ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಮೂಲ ಇಳುವರಿ 10.25. ಆ ಅಂಕಿ ಹುಟ್ಟುವುದು ಕಾರ್ಖಾನೆಯ ಗೋಡೆಯೊಳಗೆ. ತೂಕವೂ ಅವರದೇ ಕಾಟಾ. ರೈತನಿಗೇ ಕಾಣದ ಈ ಲೆಕ್ಕ, ಬಿಸಿಲಿನಲ್ಲಿ ಕಬ್ಬು ಕಡಿಯುವ ಕೂಲಿಯ ಗ್ಯಾಂಗಿಗೆ ಎಲ್ಲಿಂದ ಕಾಣಬೇಕು? ಇನ್ನು ರಬಕವಿ-ಬನಹಟ್ಟಿಯ ಮಗ್ಗದ ಮಜೂರಿ. ಒಂದು ಸೀರೆಗೆ ನೂಲಿನ ಬೆಲೆ ಎಷ್ಟು, ಪೇಟೆಯಲ್ಲಿ ಮಾರಿದ್ದು ಎಷ್ಟಕ್ಕೆ, ನೇಯ್ದವನ ಪಾಲು ಎಷ್ಟು ಎಂಬ ವಹಿಯನ್ನು ನೇಯುವವನ ಮುಂದೆ ತೆರೆದಿಡುವ ಮಾಲೀಕರು ಎಷ್ಟು ಮಂದಿ? ಬೇಹು ಕಚೇರಿಯ ಗುಟ್ಟು ಯುದ್ಧಕ್ಕಾಗಿ. ಕಾರ್ಖಾನೆ, ಮಗ್ಗಗಳ ಗುಟ್ಟು ಲಾಭಕ್ಕಾಗಿ. ಎರಡನ್ನೂ ಕಾಯುವ ನಾಯಿ ಒಂದೇ ತಳಿಯದು.

ಇಲ್ಲೊಂದು ಸಂಗತಿಯನ್ನು ನೇಕಾರ ಗೆಳೆಯರು ನೆನಪಿಡಬೇಕು. 1984ರ ಜನವರಿ 25ರಂದು ಥ್ಯಾಚರ್ ಸರ್ಕಾರ ಚೆಲ್ಟನ್‌ಹ್ಯಾಮಿನ ಆ ಬೇಹು ಕಚೇರಿಯಲ್ಲಿ ಕಾರ್ಮಿಕ ಸಂಘವನ್ನೇ ನಿಷೇಧಿಸಿತು. ಸಂಘ ಬಿಟ್ಟವರಿಗೆ ತಲಾ 1,000 ಪೌಂಡು ಕೊಟ್ಟಿತು. ಬಹಳ ಮಂದಿ ತೆಗೆದುಕೊಂಡರು. ಕೊನೆಯವರೆಗೂ ಬಿಡದ 14 ಜನರನ್ನು ನೌಕರಿಯಿಂದ ತೆಗೆದರು. 1997ರಲ್ಲಿ ಸರ್ಕಾರ ಬದಲಾದ ಮೇಲೆ ನಿಷೇಧ ಹೋಯಿತು. ದೇಶದ ಭದ್ರತೆಗೆ ಸಂಘ ಅಪಾಯ ಎಂಬುದು ಆಗಿನ ಕಾರಣ. ಕ್ಯಾಥರೀನ್ ಒಬ್ಬಂಟಿಯಾಗಿ ನಡುಗಬೇಕಾದದ್ದು ಯಾಕೆ ಎಂಬುದಕ್ಕೆ ಈ ಇತಿಹಾಸದಲ್ಲಿ ಸುಳಿವು ಇದೆ. ಸಿನೆಮಾ ಈ ಸುಳಿವನ್ನು ಹಿಡಿಯುವುದಿಲ್ಲ. ಒಬ್ಬಳ ಅಂತಃಸಾಕ್ಷಿಯನ್ನು ಅದು ಚೆನ್ನಾಗಿ ತೋರಿಸುತ್ತದೆ, ಹತ್ತು ಜನರ ಸಂಘಟನೆಯನ್ನು ತೋರಿಸಲು ಅದಕ್ಕೆ ಬರುವುದಿಲ್ಲ. 2003ರ ಫೆಬ್ರವರಿ 15ರಂದು ಲಂಡನ್ನಿನ ಬೀದಿಯಲ್ಲಿ ಲಕ್ಷಾಂತರ ಜನ ಯುದ್ಧ ಬೇಡವೆಂದು ನಡೆದರು. ಅವರನ್ನು ಬದಿಗಿಟ್ಟು ಒಬ್ಬಳನ್ನೇ ನೋಡುವುದು ಮಧ್ಯಮ ವರ್ಗದ ಸಿನೆಮಾದ ಕಣ್ಣು.

ಹಾಗಿದ್ದರೂ ಈ ಚಿತ್ರವನ್ನು ನೋಡಿರಿ ಎಂದೇ ನಾವು ಹೇಳುತ್ತೇವೆ. ಕಾರಣ, ಕೇಸು ಬಿದ್ದುಹೋದ ಬಗೆ. ಗನ್‌ಳ ವಕೀಲರು ಬೆನ್ ಎಮರ್ಸನ್ ಮತ್ತು ಸಂಗಡಿಗರು. ಯುದ್ಧ ತಡೆಯಲು, ಜೀವ ಉಳಿಸಲು ಈಕೆ ಕಾಗದ ಹೊರಗೆ ಕೊಟ್ಟಳು ಎಂದು ವಾದ ಹೂಡಿದ ಅವರು ಸರ್ಕಾರಕ್ಕೆ ಒಂದೇ ಮಾತು ಕೇಳಿದರು: ಈ ಯುದ್ಧ ಕಾನೂನುಬದ್ಧವೋ ಅಲ್ಲವೋ ಎಂದು ನಿಮ್ಮ ಅಟಾರ್ನಿ ಜನರಲ್ ನಿಮಗೆ ಕೊಟ್ಟ ಸಲಹೆಯನ್ನು ಕೋರ್ಟಿಗೆ ತನ್ನಿರಿ. ಅದಾದ ಮೇಲೆ ಸರ್ಕಾರ ಹಿಂದೆ ಸರಿಯಿತು. ಒಬ್ಬ ಅನುವಾದಕಿಯನ್ನು ಜೈಲಿಗೆ ಹಾಕಲು ಹೊರಟ ಸರ್ಕಾರ ತನ್ನದೇ ಕಪಾಟಿನ ಒಂದು ಕಡತಕ್ಕೆ ಅಂಜಿತು! ನಮ್ಮ ಕಾರ್ಯಕರ್ತರು ಈ ಪಾಠವನ್ನು ಎದೆಗೆ ಬರೆದುಕೊಳ್ಳಬೇಕು. ಘೋಷಣೆಗೆ ಸರ್ಕಾರ ಅಂಜುವುದು ಕಡಿಮೆ. ಘೋಷಣೆಯ ಜೊತೆಗೆ ಕಾಗದ ಕೇಳಿದರೆ ಅಂಜುತ್ತದೆ.

ನಮಗೆ ಆ ದಾರಿ ಪೂರ್ತಿ ಮುಚ್ಚಿಲ್ಲ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಊರಿನಲ್ಲಿ ಬರಗಾಲ ಕಾಮಗಾರಿಯ ಕೂಲಿಗಳು, ಚಿಕ್ಕ ರೈತರು ಬೀದಿಯಲ್ಲಿ ಕೂತು, ನಮ್ಮ ಹಾಜರಿ ಪುಸ್ತಕ ತೋರಿಸಿರಿ ಎಂದು ಹಟ ಹಿಡಿದರು. ಆ ಹಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ನಮ್ಮ ರಾಜ್ಯ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು. 2005ರ ಕಾಯ್ದೆಯ 22ನೆಯ ಕಲಮು ಓದಿರಿ. 1923ರ ರಹಸ್ಯ ಕಾಯ್ದೆ ಏನೇ ಹೇಳಲಿ, ಈ ಕಾಯ್ದೆಯದೇ ಮೇಲುಗೈ ಎಂದು ಅಲ್ಲಿ ಬರೆದಿದೆ. ಜನಹಿತ ದೊಡ್ಡದಾದರೆ ಗುಟ್ಟನ್ನೂ ಕೊಡಬಹುದೆಂದು 8ನೆಯ ಕಲಮಿನ 2ನೆಯ ಉಪಕಲಮು ಹೇಳುತ್ತದೆ. ಬ್ರಿಟನ್ನು 1989ರಲ್ಲಿ ಕಿತ್ತುಕೊಂಡದ್ದನ್ನು ಕೂಲಿಕಾರರು ಇಲ್ಲಿ ಒಂದಿಷ್ಟಾದರೂ ಗಳಿಸಿಕೊಂಡರು.

ಗಳಿಸಿದ್ದನ್ನು ಕಸಿಯುವ ಹುನ್ನಾರವೂ ನಡೆದೇ ಇದೆ. ಕಚೇರಿಯೊಳಗಿನ ಭ್ರಷ್ಟಾಚಾರ ಹೊರಗೆ ಹೇಳಿದವರನ್ನು ಕಾಪಾಡುವ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಯ ದಿನಾಂಕ ಗೊತ್ತುಮಾಡದೆ ಅದನ್ನು ವರ್ಷಗಟ್ಟಲೆ ಮೂಲೆಗೆ ಇಟ್ಟರು. ಮತ್ತೆ ಅದೇ ಹೊರಡದ ಗೆಜೆಟ್ಟು! 2023ರ ಡಿಜಿಟಲ್ ಮಾಹಿತಿ ಕಾಯ್ದೆ ಖಾಸಗಿ ವಿವರದ ಹೆಸರಿನಲ್ಲಿ ಮಾಹಿತಿ ಹಕ್ಕಿನ ಬೆರಳು ಕತ್ತರಿಸಲು ದಾರಿ ಮಾಡಿತು. ಫಲಾನುಭವಿಗಳ ಪಟ್ಟಿ, ಹಾಜರಿ ಪುಸ್ತಕ ಕೇಳಿದರೆ ಅದು ಖಾಸಗಿ ಅನ್ನಬಹುದು. ಇನ್ನು ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಪರಿಶಿಷ್ಟ ಜಾತಿ, ಪಂಗಡಗಳ ಹಣ ಅವರಿಗೇ ಖರ್ಚಾಗಬೇಕೆಂದು 2013ರಲ್ಲಿ ಕಾಯ್ದೆ ಮಾಡಿದರು. ಅದರ ಹೊಟ್ಟೆಯೊಳಗೇ 7(ಡಿ) ಎಂಬ ಕಲಮು ಇಟ್ಟರು. ಎಲ್ಲರೂ ಬಳಸುವ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ದಲಿತರಿಗೇ ಖರ್ಚು ಮಾಡಿದಂತೆ ಲೆಕ್ಕ ಹಿಡಿಯಲು ಅದರಿಂದ ಅನುಕೂಲವಾಯಿತು. ಆ ಕಲಮು ತೆಗೆಯಲು 2023 ಬರಬೇಕಾಯಿತು. ಹತ್ತು ವರ್ಷ ಅದು ಅಚ್ಚಾದ ಪುಸ್ತಕದಲ್ಲೇ ಇತ್ತು. ನಮ್ಮ ಕೇರಿಗೆ ಅದನ್ನು ಓದಿ ಹೇಳಿದವರು ಎಷ್ಟು ಜನ?

ಆದ್ದರಿಂದ ಹಳ್ಳಿಯ ಮಾಸ್ತರರಿಗೆ, ಕಾಲೇಜಿನ ಹುಡುಗ-ಹುಡುಗಿಯರಿಗೆ ಹೇಳುವುದು ಇಷ್ಟು. ಈ ಚಿತ್ರವನ್ನು ನಾಲ್ಕು ಜನ ಕೂಡಿ ನೋಡಿರಿ, ಕನ್ನಡದಲ್ಲಿ ಬಿಡಿಸಿ ಹೇಳಿರಿ. ಕಥಾನಾಯಕಿ ಅನುವಾದಕಿ ಎಂಬುದನ್ನು ಮರೆಯಬೇಡಿರಿ. ದೊಡ್ಡವರ ಭಾಷೆಯನ್ನು ಜನರ ಭಾಷೆಗೆ ತಿರುಗಿಸುವುದೇ ಅಪಾಯದ ಕೆಲಸ. ನಮ್ಮ ಊರುಗಳಿಗೆ ಬೇಕಾದದ್ದು ಇಂಥ ಅನುವಾದಕರೇ. ಸ್ವಾಧೀನದ ನೋಟೀಸನ್ನು, ಉತಾರದ ಕಾಲಮುಗಳನ್ನು, ತೂಕದ ಚೀಟಿಯನ್ನು, ಪಂಚಾಯತಿಯ ಠರಾವನ್ನು ಓದಿ ಅವ್ವ-ಅಪ್ಪಂದಿರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು.

ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಒಬ್ಬರ ಹೆಸರಿನಲ್ಲಿ ಹಾಕಿದರೆ ಹೆದರಿಸುತ್ತಾರೆ, ಓಣಿಯ ಹತ್ತು ಜನ ಹತ್ತು ಅರ್ಜಿ ಹಾಕಿರಿ. ಕೊಟ್ಟದ್ದಕ್ಕೆ ಸಹಿ-ಶಿಕ್ಕೆ ಇರುವ ಪೋಚ್ ಬಿಡಬೇಡಿರಿ. ಬಂದ ಉತ್ತರವನ್ನು ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿರಿ.